ಅಕ್ರೋಟು ಒಣಗುವವರೆಗೆ

ಉರ್ಬಾನ್ ವುಟ್ಟೆಯ ಕೋವಿಯನ್ನು ನಾನು ನಾಲ್ಕು ವರ್ಷ ಮೊದಲೇ ಮಾಡಿಕೊಡಬಹುದಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಎಲ್ಲ ಕೇಳಿಸಿಕೊಂಡು ‘ಪಾಪ ಹೆಮ್ಮಾ, ಅವಳದೇನು ತಪ್ಪು’ ಅಂತ ಯಾರೂ ಅನ್ನುವುದು ಬೇಡ. ಹಾಗೆ ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಮ್ಮ ಫೆರ್ಲಾಖ್‌ನಲ್ಲಿ ಕೋವಿ ಒಬ್ಬರ ಕೈಯಲ್ಲಿ ಆಗುವ ವಸ್ತುವಲ್ಲ. ನಳಿಕೆ ಕೊರೆಯುವವನು ಬೇರೆ, ಉಕ್ಕಿನ ಮೇಲೆ ಹೂವು ಬಳ್ಳಿ ಕೆತ್ತುವವನು ಬೇರೆ. ನನ್ನದು ಮರ. ಭುಜಕ್ಕೆ ಆನಿಸಿ, ಕೆನ್ನೆ ಒತ್ತಿ ಗುರಿ ಹಿಡಿಯುತ್ತಾರಲ್ಲ, ಆ ಮರದ ಹಿಡಿ ಕೆತ್ತುವುದು. ಮೂವತ್ತಾರು ವರ್ಷದಿಂದ ಇದೇ ಮಾಡಿಕೊಂಡು ಬಂದಿದ್ದೇನೆ. ಅಂಗಡಿ ಅಪ್ಪನದು, ಉಳಿಗಳೂ ಅಪ್ಪನವು. ಸಿಡುಕು ಕೂಡ ಅವರದೇ ಅಂತ ಊರವರು ಹೇಳುತ್ತಾರೆ, ಇರಬಹುದು.

ಉರ್ಬಾನ್ ನನಗಿಂತ ಹದಿಮೂರು ವರ್ಷ ದೊಡ್ಡವರು. ಮೇಲಿನ ಕಣಿವೆಯ ಒಂದು ದೊಡ್ಡ ಎಸ್ಟೇಟಿನಲ್ಲಿ ನಲವತ್ತು ವರ್ಷ ಕಾಡು ಕಾದವರು. ಅವರ ಕೆಲಸ ಏನಪ್ಪಾ ಅಂದರೆ, ವಿಯೆನ್ನಾದಿಂದ ಮ್ಯೂನಿಚ್‌ನಿಂದ ಬರುವ ದುಡ್ಡಿನ ಕುಳಗಳನ್ನು ಏದುಸಿರು ಬಿಡಿಸಿ ಬೆಟ್ಟ ಹತ್ತಿಸುವುದು, ದುರ್ಬೀನಿನಲ್ಲಿ ಗಾಮ್ಸ್ ಹುಡುಕುವುದು, ‘ಅದೇ, ಎಡಗಡೇದು, ಈಗ ಹೊಡೀರಿ’ ಅಂತ ಕಿವಿಯಲ್ಲಿ ಉಸುರುವುದು. ಗಾಮ್ಸ್ ಅಂದರೆ ನಮ್ಮ ಬಂಡೆಗಳ ಕಾಡಾಡು, ಕೊಂಬಿನ ತುದಿ ಕೊಕ್ಕೆಯಂತೆ ಬಾಗಿರುತ್ತದೆ. ಹೊಡೆದವನು ಅತಿಥಿ, ಫೋಟೋ ಅತಿಥಿಯದು, ಗೋಡೆಗೆ ಹೋಗುವ ಕೊಂಬೂ ಅತಿಥಿಯದೇ. ಉರ್ಬಾನ್ ಹೊಡೆದದ್ದೆಲ್ಲ ಕುಂಟಿದ್ದು, ರೋಗ ಬಂದದ್ದು, ಅದೂ ಎಸ್ಟೇಟಿನ ಹಳೇ ಕೋವಿಯಲ್ಲಿ. ಆದರೆ ಅವರಿಗೊಂದು ಹೆಮ್ಮೆ ಇತ್ತು. ಆ ನಲವತ್ತು ವರ್ಷದಲ್ಲಿ ಅವರ ಕಾಡಿನಲ್ಲಿ ಮರಿಯಿದ್ದ ತಾಯಿಯನ್ನು ಒಬ್ಬನೂ ಹೊಡೆದಿರಲಿಲ್ಲ. ಯಾವ ಬೇಟೆಗಾರನ ಎದುರಿಗಾದರೂ ಅವರು ಎದೆ ತಟ್ಟಿ ಹೇಳುತ್ತಿದ್ದ ಮಾತು ಅದೊಂದೇ.

ನಿವೃತ್ತಿಯ ದಿನ ಎಸ್ಟೇಟಿನವರು ಅವರಿಗೆ ಒಂದು ಗಾಮ್ಸ್ ಕೊಟ್ಟರು. ಅಂದರೆ ಅನುಮತಿ. ಮರಿ ಹಾಕುವುದು ನಿಂತಿರುವ ಮುದಿ ಹೆಣ್ಣು ಒಂದು, ಯಾವ ವರ್ಷ ಬೇಕೋ ಆ ವರ್ಷ ಹೊಡೆದುಕೋ ಅಂತ. ಉರ್ಬಾನ್ ಅದನ್ನು ಹೊಡೆಯದೆ ಉಳಿಸಿಕೊಂಡರು. ಹೊಡೆದರೆ ತಮ್ಮದೇ ಕೋವಿಯಲ್ಲಿ ಹೊಡೆಯಬೇಕು ಅಂತ ಹಟ. ಆ ಕೋವಿಯ ಮರ ಆಗ ನನ್ನ ಅಟ್ಟದ ಮೇಲಿತ್ತು.

ಮರ ಅವರ ಹಿತ್ತಲಿನದು. ಅಕ್ರೋಟು ಮರದ ಬೇರು ದನದ ಕೊಟ್ಟಿಗೆಯ ಗೋಡೆ ಎತ್ತಿದ್ದರಿಂದ ಕಡಿಯಬೇಕಾಯಿತು. ಬುಡದ ಹಲಗೆಯನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ನನ್ನ ಅಂಗಡಿ ಮುಂದೆ ತಂದು ನಿಲ್ಲಿಸಿದರು. ಹನ್ನೆರಡು ವರ್ಷದ ಹಿಂದಿನ ಮಾತು. ನಾನು ಒಂದು ಮೂಲೆಗೆ ಕೀಸುಳಿ ಹಾಕಿ ನೋಡಿದೆ. ಜೇನಿನ ಬಣ್ಣ, ಅದರೊಳಗೆ ಕಪ್ಪು ಗೆರೆಗಳು ಹೊಗೆಯಂತೆ ಸುತ್ತಿಕೊಂಡು ಹೋಗಿದ್ದವು. ಅಂಥ ಮರ ನನ್ನ ಕೈಗೆ ಅದಕ್ಕೆ ಮೊದಲು ಬಂದಿರಲಿಲ್ಲ, ಇನ್ನು ಬರುವುದೂ ಇಲ್ಲ.

ಅವತ್ತು ಮಧ್ಯಾಹ್ನ ಊಟ ಬಿಟ್ಟು ಇಬ್ಬರೂ ಕೂತು ಹಳೇ ಕ್ಯಾಲೆಂಡರಿನ ಬೆನ್ನಿಗೆ ಕೋವಿ ಬರೆದೆವು. ಒಂದೇ ತೋಟಾ ಹಿಡಿಯುವಂಥದ್ದು, ಮಡಿಚಿ ಬೆನ್ನ ಚೀಲಕ್ಕೆ ಹಾಕುವಂಥದ್ದು, ತೂಕ ಎರಡೂಮುಕ್ಕಾಲು ಕೆಜಿ ದಾಟಬಾರದು. ಎರಡನೇ ತೋಟಾ ಬೇಕು ಅನ್ನುವವನು ಮೊದಲನೆಯದನ್ನು ಸರಿಯಾಗಿ ಹೊಡೆಯುವುದಿಲ್ಲ ಅಂತ ಅವರ ವಾದ. ಉಕ್ಕಿನ ಮೇಲೆ ಕೆತ್ತನೆ ಬೇಡ ಅಂದರು, ಗಾಮ್ಸ್ ಬೇಡ, ಹೂವು ಬೇಡ, ಹೆಸರೂ ಬೇಡ. ಕೆನ್ನೆ ಕೂರುವ ಜಾಗ ಹೇಗಿರಬೇಕು ಅನ್ನುವುದಕ್ಕೆ ಒಂದು ಗಂಟೆ ಜಗಳ ಆಡಿದೆವು. ನಾನು ಉಬ್ಬು ಬೇಕು ಅಂದೆ, ಅವರು ಸಪಾಟು ಸಾಕು ಅಂದರು. ನಿಮ್ಮ ಕೆನ್ನೆ ನೋಡಿ ಹೇಳ್ತಿದ್ದೀನಿ, ಅದರಲ್ಲಿ ಮಾಂಸ ಎಲ್ಲಿದೆ, ಮರವಾದರೂ ಉಬ್ಬಲಿ ಅಂದೆ. ನಕ್ಕು ಒಪ್ಪಿಕೊಂಡರು.

ಹಸಿ ಮರಕ್ಕೆ ಉಳಿ ಹಾಕಿದರೆ ಆಮೇಲೆ ಅದು ತಿರುಚಿಕೊಂಡು ಗುರಿ ತಪ್ಪಿಸುತ್ತದೆ. ಅದಕ್ಕೇ ಒಣಗಿಸುವುದು. ವರ್ಷಕ್ಕೆ ಎರಡು ಸಲ ತೂಗುತ್ತೇವೆ, ತೂಕ ಇಳಿಯುವುದು ನಿಂತರೆ ಮರ ಸಿದ್ಧವಾದ ಹಾಗೆ. ಉರ್ಬಾನರ ಹಲಗೆಯ ತೂಕ ಎಂಟನೇ ವರ್ಷಕ್ಕೆ ನಿಂತಿತು. ಆ ಚಳಿಗಾಲ, ಅದಾದ ಬೇಸಿಗೆ, ಒಂದು ಗ್ರಾಂ ಆಚೀಚೆ ಇಲ್ಲ. ಅವರು ಬಂದು ಕೇಳಿದರು. ನಾನು ಇನ್ನೂ ಆಗಿಲ್ಲ ಅಂದೆ. ಮುಂದಿನ ವರ್ಷವೂ ಅದನ್ನೇ ಅಂದೆ.

ಯಾಕೆ ಅಂದೆ? ನಮ್ಮ ಕಸುಬಿನವರಿಗೆ ಬರುವ ಕಾಯಿಲೆ ಅದು. ಕಾದಷ್ಟೂ ಒಳ್ಳೆಯದು ಅಂತ ಹುಟ್ಟಿದಾಗಿನಿಂದ ಕೇಳಿ ಕೇಳಿ, ಕಾಯುವುದೇ ಕೆಲಸ ಅನ್ನಿಸಿಬಿಡುತ್ತದೆ. ನಿಜ ಹೇಳಬೇಕೆಂದರೆ ಹೆದರಿಕೆ. ಆ ಮರಕ್ಕೆ ಉಳಿ ಹಾಕಿ ಎಲ್ಲಾದರೂ ಎಡವಿದರೆ ಅಂತ. ಅಟ್ಟ ಹತ್ತಿ, ಬಟ್ಟೆ ಸರಿಸಿ, ಸವರಿ, ಮತ್ತೆ ಮುಚ್ಚಿ ಇಳಿಯುತ್ತಿದ್ದೆ. ಅವರು ನನ್ನ ಮಾತನ್ನು ನಂಬಿದರು. ಮರದ ವಿಷಯದಲ್ಲಿ ಹೆಮ್ಮಾ ಹೇಳಿದರೆ ಮುಗಿಯಿತು ಅಂತ ಹೋಟೆಲಿನಲ್ಲಿ ಹೇಳುತ್ತಿದ್ದರಂತೆ. 

ಈ ವರ್ಷ ಏಪ್ರಿಲ್‌ನಲ್ಲಿ ಅವರು ಬಂದು, ಒಣಗಿರಲಿ ಬಿಡಲಿ, ಈ ಸಲ ಮಾಡು ಅಂದರು. ದನಿ ಬೇರೆ ಥರ ಇತ್ತು. ನಾನು ತಲೆಗೆ ಹಚ್ಚಿಕೊಳ್ಳಲಿಲ್ಲ. ಆಯಿತು, ಮೊದಲು ಅಳತೆ ಅಂದೆ.

ಅಳತೆಗೆ ನಮ್ಮ ಹತ್ತಿರ ಒಂದು ಕೋವಿ ಇರುತ್ತದೆ. ಹಿಡಿಯಲ್ಲೆಲ್ಲ ತಿರುಪು, ಕೀಲು. ಉದ್ದ, ಎತ್ತರ, ಪಕ್ಕಕ್ಕೆ ಎಷ್ಟು ಬಾಗಬೇಕು, ಎಲ್ಲ ಬದಲಿಸಬಹುದು. ಗಿರಾಕಿ ಕಣ್ಣು ಮುಚ್ಚಿ ಕೋವಿ ಎತ್ತಬೇಕು, ಕೆನ್ನೆ ತಾನೇ ಕೂತ ಮೇಲೆ ಕಣ್ಣು ಬಿಡಬೇಕು. ಗುರಿ ನೇರ ಎದುರಿಗೆ ಬಂದಿದ್ದರೆ ಅಳತೆ ಸರಿ. ಉರ್ಬಾನ್ ಎತ್ತಿದರು, ಕಣ್ಣು ಬಿಟ್ಟರು, ಇನ್ನೂ ಸ್ವಲ್ಪ ಆಚೆಗೆ ಬಾಗಿಸು ಅಂದರು. ಬಾಗಿಸಿದೆ, ಬರೆದುಕೊಂಡೆ. ಎರಡು ವಾರ ಬಿಟ್ಟು ಬಂದಾಗ ಆ ಅಳತೆ ಆಗುವುದಿಲ್ಲ, ಇನ್ನೂ ಆಚೆಗೆ ಅಂದರು. ಮೇ ತಿಂಗಳಲ್ಲಿ ಬಂದಾಗ ಮತ್ತೂ ಆಚೆಗೆ, ಸ್ವಲ್ಪ ಕೆಳಕ್ಕೆ. ನನಗೆ ತಲೆ ಕೆಟ್ಟಿತು. ನಿಮ್ಮ ಮುಖ ವಾರಕ್ಕೊಂದು ಸಲ ಬದಲಾಗುತ್ತಾ, ಇಂಥ ಸೊಟ್ಟ ಕೋವಿ ಮಾಡಿಕೊಟ್ಟರೆ ಊರವರು ನನಗೆ ಉಗೀತಾರೆ ಅಂತ ರೇಗಿದೆ. ಅವರು ಕೋವಿಯನ್ನು ಮತ್ತೆ ಭುಜಕ್ಕೆ ಎತ್ತಿದರು.

ಕೋವಿ ಖಾಲಿ ಅಂತ ಇನ್ನೊಮ್ಮೆ ನೋಡಿಕೊಂಡು, ನಾನು ನಳಿಕೆಯ ತುದಿಯ ಕಡೆಗೆ ಹೋಗಿ ನಿಂತು ಅವರ ಕಣ್ಣನ್ನು ನೋಡಿದೆ. ಅಪ್ಪ ಹೇಳಿಕೊಟ್ಟ ಪಾಠ ಅದು, ನಳಿಕೆಯ ಮೇಲೆ ಕಣ್ಣು ಎಲ್ಲಿ ಕೂತಿದೆ ನೋಡು, ಅಷ್ಟು ಸಾಕು ಅಂತ. ಕಣ್ಣು ಎಲ್ಲಿ ಕೂತಿದೆ ಅಂತ ನೋಡಿದ್ದೆನೇ ಹೊರತು ಅದಕ್ಕೆ ಏನು ಕಾಣುತ್ತಿದೆ ಅಂತ ಈ ಮೂವತ್ತಾರು ವರ್ಷದಲ್ಲಿ ಯಾರನ್ನೂ ಕೇಳಿರಲಿಲ್ಲ. ಉರ್ಬಾನರ ಕಣ್ಣು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಕಿವಿಯ ಪಕ್ಕದಲ್ಲಿ ಹಾದು ಹಿಂದಿನ ಗೋಡೆಯನ್ನು ನೋಡುತ್ತಿತ್ತು.

“ಉರ್ಬಾನಣ್ಣ, ನಾನು ಕಾಣ್ತಿದ್ದೀನಾ?” ಅಂದೆ.

“ನೇರ ನೋಡಿದ್ರೆ ನಿನ್ನ ಎರಡು ಕಿವಿ ಕಾಣ್ತವೆ” ಅಂದರು. “ಮಧ್ಯ ಒಂದು ಕಲೆ. ನಿನ್ನ ಮುಖ ಹೆಂಗಿತ್ತು ಅಂತ ನೆನಪಿದೆ ಬಿಡು, ನೋಡದಿದ್ರೂ ನಷ್ಟ ಇಲ್ಲ.”

ನನಗೆ ನಗು ಬರಲಿಲ್ಲ. ಅವರೇ ಹೇಳಿದರು. ಎರಡು ಕಣ್ಣಲ್ಲೂ ಇದೆ, ಯಾವುದನ್ನು ನೋಡುತ್ತಾರೋ ಅದು ಮಾಯ, ಅಂಚಿನಲ್ಲಿರುವುದೆಲ್ಲ ಕಾಣುತ್ತದೆ. ಅದಕ್ಕೇ ದಾರಿ ನಡೆಯಬಲ್ಲರು, ಹಸುವಿನ ಹಾಲು ಕರೆಯಬಲ್ಲರು. ಓದಲು ಆಗುವುದಿಲ್ಲ. ಎದುರು ಬಂದವನ ಮುಖ ಅವನು ಮಾತಾಡಿದ ಮೇಲೆಯೇ ಗೊತ್ತಾಗುವುದು. ಗುರಿಯನ್ನು ನೋಡಬೇಕಾದರೆ ಗುರಿಯ ಪಕ್ಕಕ್ಕೆ ನೋಡಬೇಕು. ಕಲೆ ದೊಡ್ಡದಾದ ಹಾಗೆಲ್ಲ ಇನ್ನೂ ಪಕ್ಕಕ್ಕೆ. ಡಾಕ್ಟರು ಕೈ ಚೆಲ್ಲಿದ್ದಾರೆ, ಬರುವ ವಸಂತಕ್ಕೆ ಕೋವಿಯ ಆಸೆ ಬಿಡಿ ಅಂದಿದ್ದಾರೆ.

ಯಾವಾಗ ಶುರುವಾಯಿತು ಅಂತ ಕೇಳಿದೆ. ನಾಲ್ಕು ವರ್ಷ ಆಯಿತು, ಮೊದಲ ಎರಡು ವರ್ಷ ಏನೂ ತೊಂದರೆ ಇರಲಿಲ್ಲ, ಚೆನ್ನಾಗಿಯೇ ಹೊಡೆಯಬಹುದಿತ್ತು ಅಂದರು.

 ಸುಮ್ಮನಿದ್ದುಬಿಡಬಹುದಿತ್ತು. ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಆದರೆ ಬಾಯಿ ನಿಲ್ಲಲಿಲ್ಲ.

“ಮರ ನಾಲ್ಕು ವರ್ಷದ ಹಿಂದೆಯೇ ಒಣಗಿತ್ತು. ನಾನೇ ಸುಳ್ಳು ಹೇಳಿದ್ದೆ” ಅಂದೆ.

ಅವರು ಅಳತೆಯ ಕೋವಿಯನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟರು. ಟೋಪಿ ಎತ್ತಿಕೊಂಡರು, ಹಾಕಿಕೊಳ್ಳಲಿಲ್ಲ. ಬೈಯಲಿ ಅಂತ ಕಾದೆ. ಬೈದಿದ್ದರೆ ನಾನೂ ತಿರುಗಿ ಏನೋ ಹೇಳಿ ಹಗುರಾಗುತ್ತಿದ್ದೆ.

“ಯಾಕೆ ಅಂತ ಕೇಳಲ್ಲ. ಇವತ್ತೇ ಉಳಿ ಹಾಕು” ಅಂದರು.

ಕಾಡಿಗೆ ನಾನೂ ಬರುತ್ತೇನೆ, ನಿಮ್ಮ ಕಣ್ಣಾಗಿ ಬರುತ್ತೇನೆ ಅಂತ ಅವರ ಕೈ ಹಿಡಿದು ಹೇಳಿದೆ. ನಲವತ್ತು ವರ್ಷ ನೀವು ಬೇರೆಯವರಿಗೆ ತೋರಿಸಿದಿರಿ, ಒಂದು ದಿನ ನಾನು ನಿಮಗೆ ತೋರಿಸುತ್ತೇನೆ ಅಂದೆ. ಅವರು ಟೋಪಿ ಹಾಕಿಕೊಂಡು ಹೊರಟರು.

ಆ ಬೇಸಿಗೆಯಲ್ಲಿ ಬೇರೆ ಗಿರಾಕಿಗಳನ್ನೆಲ್ಲ ಹಿಂದಕ್ಕೆ ತಳ್ಳಿದೆ. ಫೋನ್ ಬಂದರೆ ಎತ್ತುತ್ತಿರಲಿಲ್ಲ. ಹೆದರಿ ಮುಟ್ಟದೆ ಇಟ್ಟಿದ್ದ ಮರ ಉಳಿಗೆ ಬೆಣ್ಣೆಯಂತೆ ಬಂತು, ಅದಕ್ಕೂ ಅಳು ಬಂತು. ಅವತ್ತು ಜಗಳ ಆಡಿ ಒಪ್ಪಿಸಿದ್ದ ಉಬ್ಬು ಬಿಟ್ಟು ಕೆನ್ನೆಯ ಜಾಗವನ್ನು ಒಳಕ್ಕೆ ತೋಡಿ, ಹಿಡಿಯನ್ನು ಆಚೆಗೆ ಬಾಗಿಸಿ, ಅವರು ತಲೆ ಓರೆ ಮಾಡಿದರೂ ಗುರಿ ನೋಡುವ ಸ್ಕೋಪು ಕಣ್ಣಿನ ಅಂಚಿಗೆ ಸಿಗುವ ಹಾಗೆ ಮಾಡಿದೆ. ಮರ ಅಗಸೆ ಎಣ್ಣೆಯನ್ನು ಒಂದೊಂದೇ ಪದರ ಕುಡಿದ ಹಾಗೆಲ್ಲ ಕಪ್ಪು ಗೆರೆಗಳು ಮೇಲೆದ್ದು ಬಂದವು. ನೋಡಿದವರೆಲ್ಲ ಮರ ಚಂದ, ಆಕಾರ ಯಾಕೆ ಹೀಗೆ ಅಂದರು. ನಿಮ್ಮ ಕೆಲಸ ನೋಡಿಕೊಳ್ಳಿ ಅಂದೆ. ಅಕ್ಟೋಬರಿನಲ್ಲಿ ಗುರಿ ಮೈದಾನಕ್ಕೆ ಹೋದೆವು. ನೂರು ಮೀಟರಿನಲ್ಲಿ ಕಪ್ಪು ವೃತ್ತದ ಕಾಗದ. ಐದು ತೋಟಾ ಹೊಡೆದರು, ಐದೂ ಅಂಗೈಯಗಲದೊಳಗೆ ಬಿದ್ದಿದ್ದವು. ಕಾಗದ ತಂದು ಅವರ ಬೆರಳನ್ನು ಒಂದೊಂದೇ ತೂತಿನ ಮೇಲೆ ಇಟ್ಟೆ. ಐದನೆಯದಕ್ಕೆ ಅವರು ನಕ್ಕರು.

ನವೆಂಬರಿನ ಎರಡನೇ ವಾರ ಹತ್ತಿದೆವು. ಮೇಲೆ ಹಿಂದಿನ ದಿನ ಹಿಮ ಬಿದ್ದು, ಬೆಳಗ್ಗೆ ಆಕಾಶ ಬಿಳಿಚಿಕೊಂಡಿತ್ತು. ಸಾವಿರ ಮೀಟರು ದಾಟಿದ ಮೇಲೆ ನಮ್ಮಲ್ಲಿ ಯಾರಿಗೂ ನೀವು ತಾವು ಇಲ್ಲ, ಮಂತ್ರಿಯಾದರೂ ನೀನು. ಕೊನೆಯ ಗುಡಿಸಲು ದಾಟಿದಾಗ ಅವರೇ ನೆನಪಿಸಿದರು, ಇನ್ನು ಅಣ್ಣ ಗಿಣ್ಣ ಬೇಡ ಅಂತ. ಅವರು ಮುಂದೆ, ನಾನು ಹಿಂದೆ. ಎಪ್ಪತ್ತೊಂದರ ಮನುಷ್ಯ ಹೆಜ್ಜೆ ತಪ್ಪದೆ ಹತ್ತುತ್ತಿದ್ದರು, ನಾನು ಎರಡು ಸಲ ಜಾರಿದೆ. ಇಲ್ಲಿ ಬಲಕ್ಕೆ ಕುಸಿದ ಕಲ್ಲಿದೆ, ಅದರ ಮೇಲೆ ಕಾಲಿಡಬೇಡ ಅಂತ ಅವರೇ ನನಗೆ ಹೇಳುತ್ತಿದ್ದರು. ಆ ಬೆಟ್ಟದಲ್ಲಿ ಅವರಿಗೆ ಕಣ್ಣೇ ಬೇಕಿರಲಿಲ್ಲ.

ಒಂಬತ್ತು ಗಂಟೆಯ ಹೊತ್ತಿಗೆ ದಿಬ್ಬದ ಅಂಚಿನಲ್ಲಿ ಮಲಗಿ ದುರ್ಬೀನು ಹಿಡಿದೆ. ಎದುರಿನ ಇಳಿಜಾರಿನಲ್ಲಿ, ನೂರು ಮೀಟರು ಇರಬಹುದು, ದೊಡ್ಡ ಬಂಡೆಯ ಮುಂದೆ ಒಂದು ಹೆಣ್ಣು ನಿಂತಿತ್ತು. ಒಂಟಿ. ಮೂತಿ ಬೂದುಬಣ್ಣ, ಬೆನ್ನು ತಗ್ಗು, ಮುದಿ ಅಂತ ನನಗೂ ಗೊತ್ತಾಗುವಷ್ಟು.  ಅವರ ಕಿವಿಗೆ ಹೇಳಿದೆ. ಅವರು ಚೀಲದ ಮೇಲೆ ಕೋವಿ ಇಟ್ಟು, ತಲೆ ಓರೆ ಮಾಡಿ, ಕೆನ್ನೆಯನ್ನು ನನ್ನ ಮರಕ್ಕೆ ಒತ್ತಿದರು. ಕೆನ್ನೆ ಹೇಳಿ ಮಾಡಿಸಿದ ಹಾಗೆ ಕೂತಿತು.

“ನೆರಳಿನ ಥರ ಕಾಣ್ತಿದೆ. ಕೆಚ್ಚಲು ನೋಡಿದೆಯಾ?” ಅಂದರು.

“ಈ ಕಡೆಗೆ ಕಾಣಲ್ಲ. ಒಂಟಿಯಾಗಿದೆ, ಸುತ್ತ ಏನೂ ಇಲ್ಲ.”

“ಬಂಡೆ ಹಿಂದೆ?”

ಹೆಣ್ಣಾದರೆ ಅರ್ಧ ಗಂಟೆ ಕೂತು ನೋಡಬೇಕು. ಅದು ನಮ್ಮ ಕಾಡಿನ ಕಟ್ಟುಪಾಡು, ಎಲ್ಲರಿಗೂ ಗೊತ್ತು. ಮರಿ ಕಲ್ಲಿನ ಮರೆಯಲ್ಲಿ ಮಲಗಿದ್ದರೆ ಏಳುವವರೆಗೆ ಕಾಣುವುದಿಲ್ಲ. ನನಗೂ ಗೊತ್ತಿತ್ತು. ಆದರೆ ಬೆಟ್ಟದ ನೆತ್ತಿಯಿಂದ ಮೋಡ ಇಳಿಯುತ್ತಿತ್ತು. ಇನ್ನು ಹತ್ತು ನಿಮಿಷಕ್ಕೆ ಎಲ್ಲ ಮುಚ್ಚಿಹೋಗುತ್ತದೆ, ಇವತ್ತು ಹೋದರೆ ಇನ್ನೊಂದು ದಿನ ಹೀಗೆ ನಿಲ್ಲುತ್ತದಾ, ಆ ದಿನಕ್ಕೆ ಈ ಕಣ್ಣಲ್ಲಿ ಆ ನೆರಳಾದರೂ ಉಳಿದಿರುತ್ತದಾ. ನಾಲ್ಕು ವರ್ಷ ಈ ಮನುಷ್ಯನನ್ನು ಸುಮ್ಮಸುಮ್ಮನೆ ಕಾಯಿಸಿದವಳು ನಾನು. ಇನ್ನು ಅರ್ಧ ಗಂಟೆ ಕಾಯಿ ಅನ್ನಲು ನನ್ನ ನಾಲಿಗೆ ಏಳಲಿಲ್ಲ.

“ಏನಿಲ್ಲ. ನೋಡಿದ್ದೀನಿ. ಹೊಡಿ” ಅಂದೆ.

ಹೊಡೆದರು. ಹೆಣ್ಣು ಇದ್ದಲ್ಲೇ ಕುಸಿಯಿತು, ಒಂದು ಹೆಜ್ಜೆಯೂ ಇಡಲಿಲ್ಲ. ಅಷ್ಟು ಒಳ್ಳೆಯ ಗುರಿ.

 ಉರ್ಬಾನ್ ಕೋವಿಯ ಮರವನ್ನು ಒಮ್ಮೆ ಸವರಿ, ಒಳ್ಳೆ ಕೆಲಸ ಮಾಡಿದ್ದೀಯ ಹೆಮ್ಮಾ ಅಂದರು. ಆ ಒಂದು ಮಾತಿಗೆ ನನ್ನೊಳಗೆ ಕಟ್ಟಿಕೊಂಡಿದ್ದೆಲ್ಲ ಸಡಿಲಾಯಿತು. ಇಳಿದು, ಮತ್ತೆ ಹತ್ತಿ, ಅದರ ಹತ್ತಿರ ಹೋದೆವು.

ಇಪ್ಪತ್ತು ಹೆಜ್ಜೆ ಇರುವಾಗ ಬಂಡೆಯ ಹಿಂದಿನಿಂದ ಮರಿ ಎದ್ದು ನಿಂತಿತು. ಆ ವರ್ಷದ್ದು, ಕೊಂಬು ಇನ್ನೂ ಬೆರಳುದ್ದ. ಓಡಲಿಲ್ಲ. ತಾಯಿಯ ಹತ್ತಿರ ಬಂದು ಮೂಸಿತು, ಎರಡು ಹೆಜ್ಜೆ ಮೇಲಕ್ಕೆ ಹೋಗಿ ಕಲ್ಲಿನ ಮೇಲೆ ನಿಂತು ನಮ್ಮನ್ನು ನೋಡಿತು.

ಉರ್ಬಾನ್ ಅದರ ಕಡೆಗೇ ಮುಖ ಮಾಡಿ ನೇರ ನಡೆಯುತ್ತಿದ್ದರು, ನಗುನಗುತ್ತಾ. ಅವರಿಗೆ ಕಾಣಲಿಲ್ಲ.  ಹೇಳಲೇ ಬಾರದು, ಈ ಮನುಷ್ಯ ಹೀಗೇ ಸಂತೋಷವಾಗಿ ಕೆಳಗೆ ಇಳಿಯಲಿ, ಇದೊಂದು ಸುಳ್ಳನ್ನು ನಾನು ಸಾಯುವವರೆಗೆ ಹೊತ್ತುಕೊಳ್ಳುತ್ತೇನೆ ಅಂದುಕೊಂಡೆ. ಕುರುಚಲು ಪೈನಿನ ಒಂದು ಟೊಂಗೆ ಮುರಿದು ಸತ್ತ ಪ್ರಾಣಿಯ ಬಾಯಿಗೆ ಇಟ್ಟೆ, ಅದರ ಕೊನೆಯ ತುತ್ತು. ಇನ್ನೊಂದನ್ನು ರಕ್ತಕ್ಕೆ ಮುಟ್ಟಿಸಿ, ಬೇಟೆಗಾರನಿಗೆ ಕೊಡುವ ಹಾಗೆ, ನನ್ನ ಟೋಪಿಯ ಮೇಲಿಟ್ಟು ಅವರ ಮುಂದೆ ಹಿಡಿದೆ. ನಲವತ್ತು ವರ್ಷ ಅವರು ಬೇರೆಯವರಿಗೆ ಹೀಗೆ ಹಿಡಿದಿದ್ದರು. ಅವರ ಕಣ್ಣು ಒದ್ದೆಯಾಗಿತ್ತು. ತಮ್ಮ ಟೋಪಿ ತೆಗೆದು, ಟೊಂಗೆ ಸಿಕ್ಕಿಸಲು ಪಟ್ಟಿ ಎಲ್ಲಿದೆ ಅಂತ ನೋಡಲು ಮುಖವನ್ನು ಪಕ್ಕಕ್ಕೆ ತಿರುಗಿಸಿದರು.

ತಿರುಗಿಸಿದವರು ಹಾಗೇ ನಿಂತುಬಿಟ್ಟರು.

“ಕಲ್ಲಿನ ಮೇಲೆ ಏನದು?” ಅಂದರು.

 ಅವರು ಮುಖವನ್ನು ಇನ್ನೂ ಸ್ವಲ್ಪ ಪಕ್ಕಕ್ಕೆ ತಿರುಗಿಸಿದರು.

“ಎಷ್ಟು ಹೊತ್ತು ನೋಡಿದೆ ಹೆಮ್ಮಾ?”

“ಐದು ನಿಮಿಷ” ಅಂದೆ. ಐದೂ ಇರಲಿಲ್ಲ.

ತಾಯಿ ಇಲ್ಲದ ಮರಿ ಆ ಎತ್ತರದಲ್ಲಿ ಚಳಿಗಾಲ ದಾಟುವುದಿಲ್ಲ. ಅದಕ್ಕೂ ಕಟ್ಟು ಇದೆ, ಅದನ್ನೂ ಅಲ್ಲೇ ಹೊಡೆದುಬಿಡಬೇಕು. ಅವರು ಕೋವಿ ಮಡಿಚಿ, ಜೇಬಿನಿಂದ ತೋಟಾ ತೆಗೆದು ತುಂಬಿ, ನನ್ನ ಕೈಗೆ ಕೊಟ್ಟರು. ನನ್ನಿಂದ ಇನ್ನೊಂದು ಆಗೋದಿಲ್ಲ, ನೀನು ಹೊಡಿ ಅಂದರು. ಬೈಗುಳ ಒಂದೂ ಇಲ್ಲ.

ನಾನು ಎತ್ತಿದೆ. ಕೆನ್ನೆ ಕೂರಲಿಲ್ಲ. ಅವರ ಕಲೆಯನ್ನು ಸುತ್ತಿಕೊಂಡು ಹೋಗಲೆಂದು ನಾನೇ ಬಾಗಿಸಿದ ಮರ ಅದು, ನನ್ನ ನೆಟ್ಟಗಿರುವ ಕಣ್ಣಿಗೆ ಸ್ಕೋಪಿನಲ್ಲಿ ಬರೀ ಕಪ್ಪು ಕಂಡಿತು. ಕತ್ತು ಸೊಟ್ಟ ಮಾಡಿದೆ, ಭುಜ ಸರಿಸಿದೆ. ಒಮ್ಮೆ ಮರಿಯ ಕಿವಿ ಕಂಡಿತು, ಹೋಯಿತು.  ಹಿಂದಿನಿಂದ ಅವರು ಹೊಡಿ, ಹೊಡಿ ಹೆಮ್ಮಾ ಅನ್ನುತ್ತಿದ್ದರು, ಮೆಲ್ಲಗೆ.

“ನಂಗೆ ಕಾಣ್ತಿಲ್ಲ ಉರ್ಬಾನ್” ಅಂದೆ.

ಅವರು ನನ್ನ ಕೈಯಿಂದ ಕೋವಿ ತೆಗೆದುಕೊಂಡು, ತೋಟಾ ಹೊರಗೆ ತೆಗೆದು, ಹಿಮದ ಮೇಲೆ ಮಲಗಿಸಿದರು. ಆಮೇಲೆ ಸತ್ತ ತಾಯಿಯ ಪಕ್ಕದ ಕಲ್ಲಿನ ಮೇಲೆ ಕೂತರು. ಮೋಡ ಇನ್ನೂ ನಮ್ಮವರೆಗೆ ಇಳಿದಿರಲಿಲ್ಲ, ಅರ್ಧ ಗಂಟೆ ಕಾಯಲು ಬೇಕಾದಷ್ಟು ಹೊತ್ತಿತ್ತು. ಮರಿ ಅಲ್ಲೇ ನಿಂತಿತ್ತು. ಅವರು ಅದಕ್ಕೆ ಓರೆಯಾಗಿ, ಮುಖವನ್ನು ಕಣಿವೆಯ ಕಡೆಗೆ ತಿರುಗಿಸಿ ಕೂತಿದ್ದರು. ನೋಡಲಾರದೆ ತಿರುಗಿಸಿದ್ದಾರೆ ಅಂತ ಬೇರೆ ಯಾರಾದರೂ ಅಂದುಕೊಳ್ಳುತ್ತಿದ್ದರು. ಹಾಗೆ ತಿರುಗಿಸಿದರೆ ಮಾತ್ರ ಅವರಿಗೆ ಅದು ಕಾಣುತ್ತಿತ್ತು.